22 ಪುಟ, 38 ಮಂದಿ: ಓದಿ ಬಾರದ ಒಂದು ತರಗತಿಯ ಪ್ರಕರಣ

ಇದು ಕಾಸರಗೋಡು ಜಿಲ್ಲೆಯ ಉತ್ತರ ಭಾಗದ ಒಂದು ಕಾಲೇಜಿನಲ್ಲಿ ನಡೆದದ್ದು. ಕಾಲೇಜಿನ ಹೆಸರು ಬೇಡ, ಮಕ್ಕಳ ಹೆಸರೂ ಬೇಡ. ಗುರುತು ಸಿಗಬಹುದಾದ ಒಂದೆರಡು ವಿವರಗಳನ್ನು ಬದಲಿಸಿದ್ದೇನೆ. ಕೇರಳದಲ್ಲಿ 2024ರಲ್ಲಿ ನಾಲ್ಕು ವರ್ಷದ ಪದವಿ ಶುರುವಾಯಿತಲ್ವಾ, ಅದಕ್ಕಿಂತ ಮೊದಲಿನ ಒಂದು ಸೆಮಿಸ್ಟರ್. ನಾನು ಅಲ್ಲಿ ಇತಿಹಾಸಕ್ಕೆ ಗೆಸ್ಟ್ ಲೆಕ್ಚರರ್. ಎರಡನೇ ವರ್ಷದ ಬಿ.ಎ. ತರಗತಿ.

38 ಮಂದಿಯಲ್ಲಿ 21 ಜನ ಹತ್ತನೇ ಕ್ಲಾಸಿನವರೆಗೆ ಕನ್ನಡ ಮೀಡಿಯಂನಲ್ಲಿ ಓದಿದವರು. ಉಳಿದವರು ಮಲಯಾಳ ಮೀಡಿಯಂ. ಮನೆಯ ಮಾತು ಕೇಳಿದರೆ ಲೆಕ್ಕ ಬೇರೆಯೇ: ತುಳು, ಬ್ಯಾರಿ, ಹವ್ಯಕ ಕನ್ನಡ, ಕೊಂಕಣಿ, ಮರಾಠಿ, ಮಲಯಾಳ. ಸಪ್ತಭಾಷೆಯ ನೆಲ ಎಂದು ಭಾಷಣದಲ್ಲಿ ಹೇಳುವುದು ಸುಲಭ. ಆ ಏಳು ಭಾಷೆಯಲ್ಲಿ ಯಾವುದೂ ಅಲ್ಲದ ಇಂಗ್ಲಿಷಿನ ಪುಸ್ತಕವನ್ನು ಈ ಮಕ್ಕಳ ಕೈಗೆ ಕೊಟ್ಟು, ಸೋಮವಾರಕ್ಕೆ ಓದಿ ಬನ್ನಿ ಎನ್ನುವುದು ನನ್ನ ಕೆಲಸವಾಗಿತ್ತು.

ಮೊದಲು ಕೊಟ್ಟದ್ದು 22 ಪುಟದ ಒಂದು ಅಧ್ಯಾಯ. 1799ರಲ್ಲಿ ಟಿಪ್ಪು ಬಿದ್ದ ಮೇಲೆ ಕಾಸರಗೋಡೂ ಸೇರಿದ್ದ ಕೆನರಾ ಪ್ರದೇಶ ಈಸ್ಟ್ ಇಂಡಿಯಾ ಕಂಪೆನಿಯ ಕೈಗೆ ಬಂತು. ಥಾಮಸ್ ಮನ್ರೋ ಇಲ್ಲಿಯ ಮೊದಲ ಕಲೆಕ್ಟರ್ ಆಗಿ ಬಂದು ಕಂದಾಯ ನಿಗದಿ ಮಾಡಿದ. ಅದರ ಬಗ್ಗೆ ಅಧ್ಯಾಯ. ನಮ್ಮ ಊರಿನದೇ ಚರಿತ್ರೆ, ಮಕ್ಕಳಿಗೆ ಆಸಕ್ತಿ ಬರುತ್ತದೆ ಎಂದು ನನ್ನ ಎಣಿಕೆ. ಸೋಮವಾರ ಕ್ಲಾಸಿಗೆ ಹೋಗಿ "ಓದಿದ್ದೀರಾ?" ಎಂದು ಕೇಳಿದೆ. 38 ತಲೆಗಳು ಡೆಸ್ಕ್ ನೋಡತೊಡಗಿದವು. ಹಿಂದಿನ ಬೆಂಚಿನಿಂದ ಒಬ್ಬ ಮೆಲ್ಲಗೆ, "ಓದ್ಲಿಕ್ಕೆ ಆಗ್ಲಿಲ್ಲ ಟೀಚರ್. ನೀವೇ ಹೇಳಿ ಅಲ್ವಾ" ಎಂದ.

ನಾನು ಹೇಳಿದೆ. 50 ನಿಮಿಷ ಇಡೀ ಅಧ್ಯಾಯವನ್ನು ಕನ್ನಡ, ಮಲಯಾಳ, ಇಂಗ್ಲಿಷ್ ಬೆರೆಸಿ ಚೆನ್ನಾಗಿಯೇ ಹೇಳಿದೆ. ಮಕ್ಕಳು ಬರೆದುಕೊಂಡರು. ಮುಂದಿನ ವಾರವೂ ಹಾಗೆಯೇ. ಅದರ ಮುಂದಿನ ವಾರವೂ. ಸ್ಟಾಫ್ ರೂಮಿನಲ್ಲಿ ಕೂತು ಚಹಾ ಕುಡಿಯುತ್ತಾ "ಈಗಿನ ಮಕ್ಕಳು ಓದುದೇ ಇಲ್ಲ ಮಾರಾಯ್ರೆ" ಎಂದು ಎಲ್ಲರ ಜೊತೆ ನಾನೂ ದನಿಗೂಡಿಸಿದೆ.

ಆಗ ಒಬ್ಬ ಹಿರಿಯ ಸಹೋದ್ಯೋಗಿ ಹೇಳಿದ ಮಾತು ಇವತ್ತಿಗೂ ಚುಚ್ಚುತ್ತದೆ. "ನೀವು ಸೋಮವಾರ ಎಲ್ಲ ಹೇಳ್ತೀರಿ ಅಂತ ಅವರಿಗೆ ಗೊತ್ತುಂಟು. ಮತ್ತೆ ಭಾನುವಾರ ಯಾಕೆ ಓದಬೇಕು? ನೀವಾದ್ರೆ ಓದ್ತಿದ್ರಾ?" ಅದು ಸೋಮಾರಿತನ ಅಲ್ಲ, ಲೆಕ್ಕಾಚಾರ ಎಂದರು ಅವರು. ಅದು ನಮ್ಮ ಊರಿನ ರೋಗ ಮಾತ್ರ ಅಲ್ಲ ಎಂದು ತೋರಿಸಲು ಒಂದು ಲೇಖನವನ್ನೂ ಕೊಟ್ಟರು. ಅಮೆರಿಕದಲ್ಲಿ ಬರ್ಚ್‌ಫೀಲ್ಡ್ ಮತ್ತು ಸ್ಯಾಪಿಂಗ್‌ಟನ್ ಎಂಬ ಇಬ್ಬರು 1981ರಿಂದ 1997ರವರೆಗೆ ಮನಃಶಾಸ್ತ್ರ ತರಗತಿಗಳಲ್ಲಿ ನಡೆದ ಹಠಾತ್ ಟೆಸ್ಟ್‌ಗಳನ್ನು ನೋಡಿ 2000ರಲ್ಲಿ ಬರೆದದ್ದು. ವರ್ಷ ಹೋದ ಹಾಗೆ ಓದಿ ಬರುವವರು ಕಡಿಮೆಯಾಗುತ್ತಾ ಹೋಗಿದ್ದರು. ಯಾವುದೇ ಒಂದು ದಿನ ನೋಡಿದರೆ ಓದಿ ಬಂದವರು ಸುಮಾರು ಮೂರನೇ ಒಂದು ಭಾಗ ಅಷ್ಟೆ. ಅಲ್ಲಿಯ ಮಕ್ಕಳು ಬಹುಪಾಲು ತಮ್ಮ ಭಾಷೆಯಲ್ಲೇ ಓದುವವರು, ನೆನಪಿರಲಿ. ಓದಿ ನನಗೆ ಸ್ವಲ್ಪ ಸಮಾಧಾನವೂ ಆಯಿತು, ಸ್ವಲ್ಪ ನಾಚಿಕೆಯೂ ಆಯಿತು.

ಟೆಸ್ಟ್ ಇಟ್ಟದ್ದು

ಸಮಾಧಾನವಾದದ್ದರಿಂದಲೋ ಏನೋ, ನಾಚಿಕೆಯಿಂದ ಕಲಿಯಬೇಕಾದ್ದನ್ನು ನಾನು ಕಲಿಯಲಿಲ್ಲ. ಎಲ್ಲರೂ ಮಾಡುವುದನ್ನೇ ಮಾಡಿದೆ. ಪ್ರತಿ ಸೋಮವಾರ ಐದು ಪ್ರಶ್ನೆ, ಐದು ಮಾರ್ಕು, ಇಂಟರ್ನಲ್‌ಗೆ ಸೇರಿಸುತ್ತೇನೆ ಎಂದೆ. ಯಾವ ವರ್ಷ, ಯಾರು, ಎಲ್ಲಿ, ಅಂಥ ಪ್ರಶ್ನೆಗಳು. ತಿದ್ದಲು ಸುಲಭ ಅಲ್ವಾ.

ಮೊದಲ ವಾರ ಅರ್ಧದಷ್ಟು ಮಂದಿಗೆ ಸೊನ್ನೆ. ಎರಡನೇ ವಾರ ಮಾರ್ಕು ಏರಿತು. ನಾನು ಖುಷಿಪಟ್ಟೆ. ಮೂರನೇ ವಾರ ಇನ್ನೂ ಏರಿತು. ಆಮೇಲೆ ಗೊತ್ತಾಯಿತು, ಬುದ್ಧಿವಂತನೊಬ್ಬ ಅಧ್ಯಾಯದಲ್ಲಿರುವ ಇಸವಿ, ಹೆಸರು ಎಲ್ಲ ಹೆಕ್ಕಿ ಒಂದು ಪುಟ ಮಾಡಿ ಭಾನುವಾರ ರಾತ್ರಿ ವಾಟ್ಸಾಪ್ ಗ್ರೂಪಿಗೆ ಹಾಕುತ್ತಿದ್ದ. ಎಲ್ಲರೂ ಬಸ್ಸಿನಲ್ಲಿ ಅದನ್ನು ಬಾಯಿಪಾಠ ಮಾಡಿಕೊಂಡು ಬರುತ್ತಿದ್ದರು. ಓದಿದವರು ಹೆಚ್ಚಲಿಲ್ಲ, ಮಾರ್ಕು ಹೆಚ್ಚಿತು. ಜೊತೆಗೆ ಸೋಮವಾರ ಮೊದಲ ಪೀರಿಯಡಿಗೆ ಬಾರದವರೂ ಹೆಚ್ಚಿದರು.

ನಾಲ್ಕನೇ ವಾರ ಒಬ್ಬ ಹುಡುಗಿಗೆ ಐದರಲ್ಲಿ ಒಂದು ಮಾರ್ಕು ಬಂತು. ಕ್ಲಾಸ್ ಮುಗಿದ ಮೇಲೆ ಅವಳು ಮೇಜಿನ ಹತ್ತಿರ ಬಂದು ನಿಂತಳು. ಮಾತಾಡುವ ಹುಡುಗಿ ಅಲ್ಲ. "ಟೀಚರ್, ನಾನು ಓದಿದ್ದೆ" ಎಂದು ಫೋಟೋಸ್ಟ್ಯಾಟ್ ಪ್ರತಿಯನ್ನು ಮುಂದಿಟ್ಟಳು.

ಪುಟದ ತುಂಬ ಪೆನ್ಸಿಲ್. ಎರಡು ಮೂರು ಶಬ್ದಕ್ಕೊಂದರಂತೆ ಮೇಲೆ ಕನ್ನಡದ ಅರ್ಥ. ಮನ್ರೋನ ಅಧ್ಯಾಯದಲ್ಲಿ ಸೆಟಲ್‌ಮೆಂಟ್ ಎಂಬ ಶಬ್ದ ಸಾಲುಸಾಲಿಗೆ ಬರುತ್ತದೆ. ಮೊದಲು ಅದರ ಮೇಲೆ "ರಾಜಿ" ಎಂದು ಬರೆದು ಹೊಡೆದು ಹಾಕಿದ್ದಳು. ಆಮೇಲೆ "ನೆಲೆಸುವುದು" ಎಂದು ಬರೆದು ಅದನ್ನೂ ಹೊಡೆದಿದ್ದಳು. ಕೊನೆಗೆ ಒಂದು ಪ್ರಶ್ನಾರ್ಥಕ ಚಿಹ್ನೆ. ಕಂದಾಯ ಇಷ್ಟೆಂದು ನಿಗದಿ ಮಾಡುವುದಕ್ಕೆ ಆ ಹೆಸರು ಎಂದು ಡಿಕ್ಷನರಿಯ ಮೊದಲ ಅರ್ಥದಲ್ಲಿ ಎಲ್ಲಿ ಸಿಗುತ್ತದೆ? ರಾತ್ರಿ ಎಂಟಕ್ಕೆ ಕೂತವಳು ಹನ್ನೆರಡು ದಾಟಿದ ಮೇಲೆ ಎದ್ದಳಂತೆ. ಒಂಬತ್ತು ಪುಟ ಆಗಿತ್ತು. ಇಸವಿ ನೆನಪಿಡಲು ಅವಳಿಗೆ ಪುರುಸೊತ್ತು ಇರಲಿಲ್ಲ.

ಇಡೀ ತರಗತಿಯಲ್ಲಿ ನಿಜವಾಗಿ ಓದಿದವಳಿಗೆ ನಾನು ಒಂದು ಮಾರ್ಕು ಕೊಟ್ಟಿದ್ದೆ. ಓದದೆ ಬಂದವರಿಗೆ ನಾಲ್ಕು, ಐದು. ಅವತ್ತೇ ಟೆಸ್ಟ್ ನಿಲ್ಲಿಸಿದೆ.

ಕೇಳಿದ್ದು

ಮರುದಿನ ಎಲ್ಲರಿಗೂ ಒಂದೊಂದು ಕಾಲು ಹಾಳೆ ಕೊಟ್ಟೆ. ಹೆಸರು ಬರೆಯಬೇಡಿ, ಯಾವ ಭಾಷೆಯಲ್ಲಾದರೂ ಬರೆಯಿರಿ, ಯಾಕೆ ಓದುವುದಿಲ್ಲ ಹೇಳಿ ಎಂದೆ. ಇದನ್ನು ಮೊದಲ ವಾರವೇ ಕೇಳಬೇಕಿತ್ತು. ಕೇಳಲಿಲ್ಲ. ಉತ್ತರ ಗೊತ್ತು ಎಂದು ಭಾವಿಸಿದ್ದೆ.

ಬಂದ ಉತ್ತರಗಳಲ್ಲಿ ಬೋರು ಎಂದವರು ಮೂವರೇ. "ಪಿಡಿಎಫ್ ಫೋನಲ್ಲಿ ಕಾಣುದಿಲ್ಲ, ಎರಡು ಪುಟ ಒಟ್ಟಿಗೆ ಉಂಟು, ಅಡ್ಡ ತಿರುಗಿಸಿದ್ರೆ ಅಕ್ಷರ ಹರಿದು ಹೋಗ್ತದೆ." ಇದು ಒಬ್ಬರಲ್ಲ, ಎಂಟು ಮಂದಿ ಬರೆದದ್ದು. ಸ್ಕ್ಯಾನ್ ಮಾಡಿ ಗ್ರೂಪಿಗೆ ಹಾಕಿದವಳು ನಾನು. ನನ್ನ ಲ್ಯಾಪ್‌ಟಾಪಿನಲ್ಲಿ ಚೆನ್ನಾಗಿಯೇ ಕಾಣುತ್ತಿತ್ತು. "ಶನಿವಾರ ಭಾನುವಾರ ಕೇಟರಿಂಗ್ ಕೆಲಸ." ಮದುವೆ ಸೀಸನ್ನಿನಲ್ಲಿ ನಮ್ಮ ಕಡೆಯ ಕಾಲೇಜು ಹುಡುಗರಲ್ಲಿ ಎಷ್ಟು ಮಂದಿ ಬಡಿಸಲು ಹೋಗುತ್ತಾರೆ ಎಂದು ಮದುವೆಗೆ ಹೋದವರಿಗೆಲ್ಲ ಗೊತ್ತು. "ಮನೆಯಲ್ಲಿ ಅಡಿಕೆ ಸುಲಿಯಲಿಕ್ಕೆ ಉಂಟು." "ಒಂದು ಪ್ಯಾರಾ ಓದುವಾಗ ಮೊದಲಿನದ್ದು ಮರೆಯುತ್ತದೆ." "ಎಲ್ಲಿಂದ ಎಲ್ಲಿಗೆ ಮುಖ್ಯ ಅಂತ ಗೊತ್ತಾಗುದಿಲ್ಲ." ಮಲಯಾಳದಲ್ಲಿ ಒಂದು ಚೀಟಿ ಇತ್ತು. ಅದರ ಸಾರ ಇಷ್ಟು: ಓದಿ ಬಂದರೂ ಓದದೆ ಬಂದರೂ ಕ್ಲಾಸಿನಲ್ಲಿ ಒಂದೇ.

ಚೀಟಿಗಳನ್ನು ಮನೆಗೆ ತಂದು ಎರಡು ರಾಶಿ ಮಾಡಿದೆ. ಓದಲು ಆಗದವರು ಒಂದು ಕಡೆ, ಓದಿ ಏನು ಪ್ರಯೋಜನ ಎನ್ನುವವರು ಇನ್ನೊಂದು ಕಡೆ. ಎರಡಕ್ಕೂ ಒಂದೇ ಮದ್ದು ಆಗುವುದಿಲ್ಲ ಎಂದು ಆಗ ಹೊಳೆಯಿತು. ಟೆಸ್ಟ್ ಎನ್ನುವುದು ಎರಡನೇ ರಾಶಿಯವರಿಗೆ ಮಾಡಿದ ಮದ್ದು. ಮೊದಲ ರಾಶಿಯವರಿಗೆ ಅದು ಹೊಡೆತ.

ಬದಲಿಸಿದ್ದು

ಮೊದಲು ಪುಟ ಕಡಿಮೆ ಮಾಡಿದೆ. 22ರಿಂದ ಆರಕ್ಕೆ. ಪಿಡಿಎಫ್ ಬಿಟ್ಟು ದೊಡ್ಡ ಅಕ್ಷರದ ಫೋಟೋಸ್ಟ್ಯಾಟ್ ಕೊಟ್ಟೆ. ಮುಂದಿನ ಓದಿಗೆ ಆರಿಸಿದ್ದು ಫ್ರಾನ್ಸಿಸ್ ಬುಕಾನನ್ ಎಂಬ ವೈದ್ಯನ ಪ್ರವಾಸದ ಬರಹ. ಟಿಪ್ಪು ಬಿದ್ದ ಮೇಲೆ ಗವರ್ನರ್ ಜನರಲ್ ವೆಲ್ಲೆಸ್ಲಿ ಅವನನ್ನು ಮೈಸೂರು, ಕೆನರಾ, ಮಲಬಾರ್ ನೋಡಿ ಬಾ ಎಂದು ಕಳಿಸಿದ್ದ. 1800ರಲ್ಲಿ ಮದರಾಸಿನಿಂದ ಹೊರಟವನು 1801ರಲ್ಲಿ ಮಲಬಾರಿನಿಂದ ನಮ್ಮ ಊರುಗಳ ಮೇಲೆ ಹಾದು ಮಂಗಳೂರು ಕಡೆಗೆ ಹೋದ. ಪುಸ್ತಕ 1807ರಲ್ಲಿ ಲಂಡನ್ನಿನಲ್ಲಿ ಮೂರು ಸಂಪುಟವಾಗಿ ಬಂತು. ಊರ ಹೆಸರುಗಳನ್ನೆಲ್ಲ ಅವನು ತನ್ನ ಕಿವಿಗೆ ಬಿದ್ದ ಹಾಗೆ ಬರೆದಿದ್ದಾನೆ.

ಎರಡನೆಯದಾಗಿ, ಪುಟದ ಮೊದಲೇ ಪ್ರಶ್ನೆ ಕೊಟ್ಟೆ. ಒಂದೇ ಪ್ರಶ್ನೆ: "ಇವನ ಲೆಕ್ಕದಲ್ಲಿ ಮಲಯಾಳ ದೇಶ ಎಲ್ಲಿ ಮುಗಿಯುತ್ತದೆ, ತುಳುನಾಡು ಎಲ್ಲಿ ಶುರುವಾಗುತ್ತದೆ? ಅವನಿಗೆ ಅದು ಹೇಗೆ ಗೊತ್ತಾಯಿತು?" ಯಾವ ಪ್ಯಾರಾ ಬಿಡಬಹುದು ಎಂದೂ ಬರೆದು ಕೊಟ್ಟೆ. ಬಿಡಬಹುದು ಎಂದು ಟೀಚರೇ ಹೇಳುವುದನ್ನು ಮಕ್ಕಳು ಅದೇ ಮೊದಲು ಕೇಳಿದ್ದು.

ಮೂರನೆಯದು, ಬಾಗಿಲ ಚೀಟಿ. ಒಳಗೆ ಬರುವಾಗ ಒಂದು ಚೀಟಿ ಕೊಡಬೇಕು. ಅದರಲ್ಲಿ ಅರ್ಥವಾಗದ ಒಂದು ಜಾಗ, ಅದರ ಪುಟ, ಅದರ ಸಾಲು. ಉತ್ತರ ಬೇಡ. ಅರ್ಥವಾಗಲಿಲ್ಲ ಎನ್ನಲಿಕ್ಕೂ ಅಷ್ಟು ದೂರ ಓದಿರಬೇಕಲ್ವಾ. ಸರಿ ತಪ್ಪು ನೋಡದೆ ಚೀಟಿ ಕೊಟ್ಟವರಿಗೆಲ್ಲ ಸಣ್ಣ ಮಾರ್ಕು.

ನಾಲ್ಕನೆಯದು ನನಗೆ ಎಲ್ಲಕ್ಕಿಂತ ಕಷ್ಟದ್ದು. ನಾನು ಪಾಠದ ಸಾರ ಹೇಳುವುದಿಲ್ಲ.

ಆ ಸೋಮವಾರ ಒಂಬತ್ತು ಚೀಟಿ ಬಂತು. 38ರಲ್ಲಿ ಒಂಬತ್ತು. "ಹೊಳೆಯ ವಿಷಯ ಏನು ಹೇಳ್ತಾನೆ?" ಎಂದು ಕೇಳಿ ಸುಮ್ಮನೆ ನಿಂತೆ. ಯಾರೂ ಮಾತಾಡಲಿಲ್ಲ. ಒಂದು ನಿಮಿಷ, ಎರಡು, ಐದು. ಫ್ಯಾನಿನ ಶಬ್ದ. ಹೊರಗೆ ಯಾರೋ ಬೈಕ್ ಸ್ಟಾರ್ಟ್ ಮಾಡಿದರು. ನನ್ನ ನಾಲಿಗೆ ತುದಿಯಲ್ಲಿ ಇಡೀ ಪಾಠ ಇತ್ತು. ಬಾಯಿ ಬಿಟ್ಟಿದ್ದರೆ ಎಲ್ಲರೂ ಪೆನ್ನು ತೆಗೆಯುತ್ತಿದ್ದರು, ಹಳೆಯ ಕಥೆ ಮತ್ತೆ ಶುರುವಾಗುತ್ತಿತ್ತು. ಈ ಪ್ರಕರಣದಲ್ಲಿ ಯಾವುದಾದರೂ ಒಂದು ತಿರುವು ಎಂದು ಹೇಳಬೇಕಾದರೆ ಅದು ಆ ಮೌನ. ಎಷ್ಟು ಹೊತ್ತು ನಿಂತಿದ್ದೆನೋ, ಹತ್ತು ನಿಮಿಷಕ್ಕೆ ಕಡಿಮೆ ಇಲ್ಲ. ಕೊನೆಗೆ ಓದದವರು ಹಿಂದೆ ಹೋಗಿ ಕೂತು ಈಗ ಓದಿ, ಓದಿದವರು ಮುಂದೆ ಬನ್ನಿ ಎಂದೆ. ಬೈಯಲಿಲ್ಲ. ಒಂಬತ್ತು ಮಂದಿ ಮುಂದೆ ಬಂದರು, ನಾವು ಹತ್ತು ಮಂದಿ ತಗ್ಗಿದ ಸ್ವರದಲ್ಲಿ ಮಾತಾಡಿದೆವು. ಹಿಂದಿನಿಂದ ಹಾಳೆ ಮಗುಚುವ ಶಬ್ದ ಕೇಳುತ್ತಿತ್ತು.

ಬುಕಾನನ್ ಚಂದ್ರಗಿರಿ ಹೊಳೆಯನ್ನೇ ಮಲಯಾಳಕ್ಕೂ ತುಳುವಕ್ಕೂ ಗಡಿ ಎನ್ನುತ್ತಾನೆ. ನಮ್ಮ ತರಗತಿಯಲ್ಲಿ ಹೊಳೆಯ ಎರಡೂ ದಡದವರು ಇದ್ದರು. ತೆಂಕು ದಡದ ಒಬ್ಬ, ಮನೆಯಲ್ಲಿ ಮಲಯಾಳ ಮಾತಾಡುವವನು, "ಟೀಚರ್, ನಾನು ದಿನಾ ಬಸ್ಸಲ್ಲಿ ದೇಶ ದಾಟಿ ಬರುದಾ?" ಎಂದ. ಹಿಂದೆ ಓದುತ್ತಿದ್ದವರೂ ನಕ್ಕರು. ಬಡಗು ದಡದಲ್ಲಿ ಮಲಯಾಳ ಮಾತಾಡುವ ಮನೆಗಳಿಲ್ಲವಾ, ತೆಂಕಿನಲ್ಲಿ ತುಳು ಇಲ್ಲವಾ ಎಂದು ವಾದ ಶುರುವಾಯಿತು. ಅಲ್ಲಿಂದ 1956ಕ್ಕೆ ಬಂದೆವು, ಕಾಸರಗೋಡು ಕೇರಳಕ್ಕೆ ಸೇರಿದ್ದು. ಚಂದ್ರಗಿರಿಯ ಬಡಗಿನ ಭಾಗ ಕರ್ನಾಟಕಕ್ಕೆ ಸೇರಬೇಕೆಂದು 1967ರಲ್ಲಿ ಮಹಾಜನ್ ಆಯೋಗ ಹೇಳಿದಾಗ ಅದೇ ಹೊಳೆ ಮತ್ತೆ ಗೆರೆಯಾಯಿತಲ್ಲ ಎಂದು ಒಬ್ಬಳು ಹೇಳಿದಳು. ಅದು ನಾನು ಕೊಟ್ಟ ಪುಟದಲ್ಲಿ ಇರಲಿಲ್ಲ. ಅಜ್ಜನಿಂದ ಕೇಳಿದ್ದಂತೆ.

ಮುಂದಿನ ವಾರ 17 ಚೀಟಿ. ಆರನೇ ವಾರಕ್ಕೆ 26.

ಕಾರ್ಖಾನೆಯ ಪ್ರಸಂಗ

ಮಧ್ಯದಲ್ಲಿ ಒಂದು ಚೀಟಿ ನನ್ನನ್ನು ನಿಲ್ಲಿಸಿತು. "ತಲಶ್ಶೇರಿಯಲ್ಲಿ ಕಂಪೆನಿಯ ಕಾರ್ಖಾನೆ ಇತ್ತು ಅಂತ ಉಂಟು. ಎಂತ ತಯಾರಿಸ್ತಿದ್ರು?" ಇಂಗ್ಲಿಷಿನಲ್ಲಿ ಇದ್ದದ್ದು ಫ್ಯಾಕ್ಟರಿ. ಆ ಕಾಲದಲ್ಲಿ ಫ್ಯಾಕ್ಟರಿ ಎಂದರೆ ಕಂಪೆನಿಯ ಏಜೆಂಟರು ಕೂತು ಕರಿಮೆಣಸು ಖರೀದಿ ಮಾಡಿ ಹಡಗಿಗೆ ಹಾಕುವ ವ್ಯಾಪಾರದ ಕೋಠಿ. ಅಲ್ಲಿ ಏನನ್ನೂ ತಯಾರಿಸುತ್ತಿರಲಿಲ್ಲ. ಅದೇ "ಕಾರ್ಖಾನೆ" ಇನ್ನೂ ನಾಲ್ಕು ಚೀಟಿಯಲ್ಲಿ ಇತ್ತು. ಐವರಿಗೂ ಒಂದೇ ತಪ್ಪು ಹೇಗೆ? ವಿಚಾರಿಸಿದರೆ, ಪುಟದ ಫೋಟೋ ತೆಗೆದು ಫೋನಿನ ಅನುವಾದ ಆ್ಯಪಿಗೆ ಹಾಕಿ ಕನ್ನಡ ಮಾಡಿ ಓದುತ್ತಿದ್ದರು.

ಇಲ್ಲಿ ನಾನು ಎರಡು ದಿನ ತಲೆ ಕೆಡಿಸಿಕೊಂಡೆ. ಬೇಡ ಎನ್ನಬಹುದಿತ್ತು. ಸಹೋದ್ಯೋಗಿಗಳು ಹಾಗೆಯೇ ಹೇಳಿದರು, ಇಂಗ್ಲಿಷ್ ಕಲಿಯುವುದು ಯಾವಾಗ ಎಂದರು. ಅದೂ ಸುಳ್ಳಲ್ಲ. ಪರೀಕ್ಷೆ ಬರೆಯಬೇಕಾದ್ದು ಇಂಗ್ಲಿಷಿನಲ್ಲಿ. ಆದರೆ ಪೆನ್ಸಿಲ್ ಹುಡುಗಿಯ ನಾಲ್ಕು ಗಂಟೆ ಕಣ್ಣಿಗೆ ಬಂತು. ಅವಳು ಕೈಯಲ್ಲಿ ಮಾಡಿದ್ದನ್ನು ಇವರು ಫೋನಿನಲ್ಲಿ ಮಾಡುತ್ತಿದ್ದರು, ಅಷ್ಟೆ. ಬೇಡ ಎಂದರೂ ಮಾಡುತ್ತಾರೆ, ನನಗೆ ಗೊತ್ತಾಗದ ಹಾಗೆ ಮಾಡುತ್ತಾರೆ.

ಹಾಗಾಗಿ, ಆ್ಯಪ್ ಬಳಸಿ, ಆದರೆ ಆ್ಯಪ್ ಬಳಸಿದವರ ಚೀಟಿಯಲ್ಲಿ ಅದು ಮಾಡಿದ ಒಂದು ತಪ್ಪು ಇರಬೇಕು, ಮೂಲದ ಇಂಗ್ಲಿಷ್ ಸಾಲಿನ ಜೊತೆಗೆ, ಎಂದೆ. ಇದು ನಾನು ಎಣಿಸಿದ್ದಕ್ಕಿಂತ ಚೆನ್ನಾಗಿ ನಡೆಯಿತು. ತಪ್ಪು ಹಿಡಿಯಬೇಕಾದರೆ ಎರಡನ್ನೂ ಪಕ್ಕಪಕ್ಕ ಇಟ್ಟು ಓದಬೇಕು. ಹೊಳೆಯ ತೆಂಕು ಬ್ಯಾಂಕಿನಲ್ಲಿ ಕೋಟೆ ಇತ್ತಂತೆ, ಯಾವ ಬ್ಯಾಂಕು ಟೀಚರ್ ಎಂದು ಒಬ್ಬ ಗಂಭೀರವಾಗಿ ಕೇಳಿ ತರಗತಿಯನ್ನು ನಗಿಸಿದ. ಇಂಗ್ಲಿಷಿನ ಬ್ಯಾಂಕ್ ಅಲ್ಲಿ ಹೊಳೆಯ ದಡ. ಕೆರೆ ಎಂಬರ್ಥದ ಟ್ಯಾಂಕ್ ಏನೇನು ಆಯಿತು ಎಂದು ಹೇಳುವುದೇ ಬೇಡ. ಸೆಟಲ್‌ಮೆಂಟಿನ ಸರದಿ ಬಂದಾಗ ಪೆನ್ಸಿಲ್ ಹುಡುಗಿ ಎದ್ದು ನಿಂತು, "ಅದು ಕಂದಾಯದ ಬಂದೋಬಸ್ತು" ಎಂದು ವಿವರಿಸಿದಳು. ಆ ಸೆಮಿಸ್ಟರಿನಲ್ಲಿ ಅವಳು ಎಲ್ಲರ ಎದುರು ಮಾತಾಡಿದ್ದು ಅದೇ ಮೊದಲು.

ಆಗದೆ ಹೋದದ್ದು

ಎಲ್ಲ ಸರಿಹೋಯಿತು ಎಂದು ಬರೆದರೆ ಸುಳ್ಳಾಗುತ್ತದೆ. ಐದು ಮಂದಿ ಕೊನೆಯವರೆಗೂ ಓದಲಿಲ್ಲ. ಅವರಲ್ಲಿ ಒಬ್ಬ ಕೇಟರಿಂಗ್ ಹುಡುಗ. ಅವನ ಜೊತೆ ಎರಡು ಸಲ ಕೂತು ಮಾತಾಡಿದೆ. ಮನೆಯ ಖರ್ಚು ಅವನ ಕೈಯಲ್ಲಿತ್ತು. ಭಾನುವಾರ ರಾತ್ರಿ ಹನ್ನೊಂದಕ್ಕೆ ಮನೆ ಮುಟ್ಟುವವನಿಗೆ ಆರು ಪುಟವೂ ಜಾಸ್ತಿ, ಮೂರು ಪುಟವೂ ಜಾಸ್ತಿ. ಅವನಿಗೆ ಮಾತ್ರ ಬುಧವಾರ ಚೀಟಿ ಕೊಡಲು ಬಿಡಬಹುದಿತ್ತು. ಹೊಳೆಯಲೇ ಇಲ್ಲ, ಸೆಮಿಸ್ಟರ್ ಮುಗಿದ ಮೇಲೆ ಹೊಳೆಯಿತು.

ಗುಂಪಿನ ಕೆಲಸವೂ ಒಂದು ಹಂತಕ್ಕಿಂತ ಮುಂದೆ ಹೋಗಲಿಲ್ಲ. ಮೊದಲು ಒಬ್ಬೊಬ್ಬರೇ ಟೆಸ್ಟ್ ಬರೆದು, ಅದೇ ಟೆಸ್ಟನ್ನು ಗುಂಪಾಗಿ ಚರ್ಚಿಸಿ ಮತ್ತೆ ಬರೆಯುವ ಒಂದು ಕ್ರಮ ಉಂಟು, ಅಮೆರಿಕದ ಲ್ಯಾರಿ ಮೈಕಲ್‌ಸನ್ ಬೆಳೆಸಿದ್ದು. ಕನ್ನಡದವರನ್ನೂ ಮಲಯಾಳದವರನ್ನೂ ಬೆರೆಸಿ ಐದೈದು ಮಂದಿಯ ಗುಂಪು ಮಾಡಿದೆ. ಎರಡು ವಾರ ಚೆನ್ನಾಗಿ ನಡೆಯಿತು. ಮೂರನೇ ವಾರ ಪ್ರತಿ ಗುಂಪಿನಲ್ಲೂ ಓದುವವರು ಒಬ್ಬಿಬ್ಬರು, ಉಳಿದವರು ಸುಮ್ನೆ ತಲೆಯಾಡಿಸುವವರು. ಒಬ್ಬೊಬ್ಬರೇ ಬರೆಯುವ ಭಾಗಕ್ಕೆ ನಾನು ಮಾರ್ಕು ಇಟ್ಟಿರಲಿಲ್ಲ. ಆ ಕ್ರಮದ ಅರ್ಧ ಬಲವೇ ಅಲ್ಲಿರುವುದು. ಅರ್ಧ ತಂದು ಪೂರ್ತಿ ಫಲ ಕೇಳಿದ ಹಾಗಾಯಿತು.

ಪೋರ್ಷನ್ ಹಿಂದೆ ಬಿತ್ತು. ವಾರಕ್ಕೆ ಆರು ಪುಟದ ವೇಗದಲ್ಲಿ ಸಿಲಬಸ್ ಮುಗಿಯುವುದಿಲ್ಲ, ಗುಣಾಕಾರ ಬಂದರೆ ಸಾಕು ಅದು ಗೊತ್ತಾಗಲು. ಕೊನೆಯ ಮಾಡ್ಯೂಲನ್ನು ಮೂರು ಸ್ಪೆಷಲ್ ಕ್ಲಾಸ್ ತೆಗೆದುಕೊಂಡು, ಹಳೆಯ ರೀತಿಯಲ್ಲೇ, ನಾನೇ ಹೇಳಿ ಮುಗಿಸಿದೆ. ಅದೇ ಹೊತ್ತಿಗೆ ಬೇರೆ ಪೇಪರುಗಳ ಅಸೈನ್‌ಮೆಂಟ್ ರಾಶಿ ಬಿತ್ತು. ಚೀಟಿ 26ರಿಂದ 12ಕ್ಕೆ ಇಳಿಯಿತು. ನಾನು ಸಾರ ಹೇಳಲು ಶುರುಮಾಡಿದ ವಾರವೇ ಇಳಿದದ್ದು. ಹಿರಿಯರು ಹೇಳಿದ ಲೆಕ್ಕಾಚಾರ ಅಷ್ಟು ಚುರುಕು.

ಯೂನಿವರ್ಸಿಟಿ ಪರೀಕ್ಷೆಯ ಮಾರ್ಕಿನಲ್ಲಿ ಹಿಂದಿನ ಬ್ಯಾಚಿಗೂ ಇವರಿಗೂ ದೊಡ್ಡ ವ್ಯತ್ಯಾಸ ಇರಲಿಲ್ಲ. ವಿಭಾಗದ ಮುಖ್ಯಸ್ಥರು ಅದನ್ನು ನನಗೆ ನೆನಪಿಸಿದರು. ಅವರು ಹೇಳಿದ್ದು ನ್ಯಾಯವೇ. ಆದರೆ ಆ ಪ್ರಶ್ನೆಪತ್ರಿಕೆಯೂ ನಾನು ನಿಲ್ಲಿಸಿದ ಸೋಮವಾರದ ಟೆಸ್ಟಿನ ಅಣ್ಣನೇ. ಅದು ಕೇಳುವುದನ್ನು ಗೈಡ್ ಓದಿದರೂ ಬರೆಯಬಹುದು. ನನಗೆ ಸಿಕ್ಕಿದ ಸಾಕ್ಷಿ ಬೇರೆ ಕಡೆ ಇತ್ತು, ಚೀಟಿಗಳಲ್ಲಿ. ಮೊದಲ ತಿಂಗಳು ಎಲ್ಲ ಚೀಟಿಯೂ ಶಬ್ದದ ಅರ್ಥ ಕೇಳುತ್ತಿದ್ದವು. ಮೂರನೇ ತಿಂಗಳಿಗೆ ಕೆಲವು, "ಇದು ಅವನಿಗೆ ಹೇಳಿದ್ದು ಯಾರು? ಬ್ರಾಹ್ಮಣರನ್ನು ಕೇಳಿದನಾ, ಗದ್ದೆಯಲ್ಲಿ ಇದ್ದವರನ್ನಾ?" ಎಂದು ಕೇಳತೊಡಗಿದ್ದವು. ಇತಿಹಾಸದ ಟೀಚರಿಗೆ ಇದಕ್ಕಿಂತ ಹೆಚ್ಚು ಏನು ಬೇಕು? ಆದರೆ ಅದನ್ನು ಮಾರ್ಕ್‌ಲಿಸ್ಟಿನ ಯಾವ ಕಾಲಂನಲ್ಲಿ ತುಂಬಿಸುವುದು?

ಮರುವರ್ಷ ಹೊಸ ಬ್ಯಾಚಿಗೆ ಮೊದಲ ದಿನವೇ ಬಾಗಿಲ ಚೀಟಿ ಶುರು ಮಾಡಿದೆ. ಬುಧವಾರದ ಅವಕಾಶವನ್ನೂ ಸೇರಿಸಿದೆ. ಮೊದಲ ಸೋಮವಾರ 31 ಚೀಟಿ ಬಂತು. ನನಗೆ ನಂಬಲಾಗಲಿಲ್ಲ. ಓದುತ್ತಾ ಹೋದರೆ ಏಳನೇ ಚೀಟಿಯಲ್ಲಿ ತಲಶ್ಶೇರಿಯ ಕಾರ್ಖಾನೆ. ಹನ್ನೊಂದನೆಯದರಲ್ಲಿ ತೆಂಕು ಬ್ಯಾಂಕಿನ ಕೋಟೆ. ಹದಿನಾಲ್ಕನೆಯದರಲ್ಲಿ ಮತ್ತೆ ಕಾರ್ಖಾನೆ, ಹೋದ ವರ್ಷದ ಅದೇ ವಾಕ್ಯ, ಅದೇ ಕಾಗುಣಿತ ತಪ್ಪು. ಸೀನಿಯರುಗಳ ಚೀಟಿಯ ಫೋಟೋಗಳು ಗ್ರೂಪಿನಲ್ಲಿ ಓಡಾಡುತ್ತಿದ್ದವು. ಅವತ್ತು ಸಂಜೆಯೇ ಲೈಬ್ರರಿಗೆ ಹೋಗಿ ಬೇರೆ ಆರು ಪುಟ ಹುಡುಕಲು ಕೂತೆ.